ಮಗುವಿನ ನಡಿಗೆಗೆ ತಕ್ಕ ಹಾಗೆ

ಆದಿಕಾಂಡ 33 ತೆಗೆಯಿರಿ. 400 ಜನರೊಂದಿಗೆ ಬಂದ ಏಸಾವ, ಜೊತೆಗೇ ಹೊರಡೋಣ ಅಂತಾನೆ. ಯಾಕೋಬ ಒಪ್ಪಲ್ಲ. ಮಕ್ಕಳು ಎಳೆಯರು, ಮರಿಗೆ ಹಾಲೂಡಿಸುವ ಕುರಿಗಳಿವೆ, ಒಂದೇ ದಿನ ಜೋರಾಗಿ ಓಡಿಸಿದರೂ ಮಂದೆಯೆಲ್ಲಾ ಸಾಯುತ್ತೆ, ತಾವು ಮುಂದೆ ಹೋಗಿ ಸ್ವಾಮೀ ಅಂದ. ಅಣ್ಣನ ಭಯವೂ ಇತ್ತು ಬಿಡಿ.

ನಾವು ಆರು ತಿಂಗಳ ಮಗಳನ್ನು ಕರ್ಕೊಂಡು ಬೆಂಗಳೂರಿಂದ ಮಂಗಳೂರಿಗೆ ಹೊರಟಿದ್ವಿ. ಸಂಜೆ ಕೂಟದಲ್ಲಿ ನಾನು ವಾಕ್ಯ ಹೇಳಬೇಕಿತ್ತು. ಸಕಲೇಶಪುರ ದಾಟಿ ಶಿರಾಡಿ ಘಾಟಿಯಲ್ಲಿ ಮಗು ಒಂದೇ ಸಮನೆ ಅಳು. "ರೀ, ಗಾಡಿ ನಿಲ್ಲಿಸಿ" ಅಂತ ಹೆಂಡತಿ ಮೂರು ಸಲ ಹೇಳಿದಳು. ಸೇವೆಗೆ ಲೇಟಾಗುತ್ತೆ ಅಂದೆ ನಾನು! ಮಗು ವಾಂತಿ ಮಾಡಿದ ಮೇಲೆ ಗುಂಡ್ಯದಲ್ಲಿ ನಿಲ್ಲಿಸಿದೆ.

ಕೂಟಕ್ಕೆ ಸಮಯಕ್ಕೇ ತಲುಪಿದೆ. ಆದರೆ ಅವಳು ನನ್ನ ಮುಖ ನೋಡಲಿಲ್ಲ. ಬೈಬಲ್ ತೆರೆಯಲಾಗದೆ, ವೇದಿಕೆಯಿಂದ ಇಳಿದು ಕ್ಷಮೆ ಕೇಳಿದೆ. ವಾಪಸ್ ಬರುವಾಗ ಹಾಸನಕ್ಕೇ ರಾತ್ರಿಯಾಯ್ತು.