ಕಿವಿಯೊಳಗೆ ಯಾರನ್ನು ಬಿಟ್ಟುಕೊಳ್ಳೋದು?

ಹೋದ ತಿಂಗಳು ಚಿಕ್ಕಪ್ಪನ ಮಗಳ ಮೆಸೇಜ್ ಬಂತು. ಹುಬ್ಬಳ್ಳಿ ಹುಡುಗಿ, ಪುಣೆಯಲ್ಲಿ ಹೊಸ ಕೆಲಸ, ಆಫೀಸ್ ಕ್ಯಾಬ್‌ನಲ್ಲಿ ಹೋಗಿಬರೋದಕ್ಕೇ ದಿನಕ್ಕೆ ಎರಡು ಗಂಟೆ. ‘ಅಕ್ಕಾ, ಕ್ಯಾಬ್‌ನಾಗ ಕೇಳಾಕ ಏನರ ಛಲೋ ಕ್ರಿಶ್ಚಿಯನ್ ಪಾಡ್‌ಕಾಸ್ಟ್ ಇದ್ರ ಹೇಳ. ಹೋದ ಸಲದಂಗ ಬ್ಯಾಡ ಮತ್ತ.’

ಕೊನೆಗೊಂದು ನಗುವ ಇಮೋಜಿ ಇತ್ತು. ಆದ್ರೂ ಚುಚ್ಚಿತು.

ಹೋದ ಸಲ ಅಂದ್ರೆ 2018. ಅವಳಾಗ ಡಿಗ್ರಿ ಮೊದಲ ವರ್ಷ. ದೇವರು ಒಳ್ಳೆಯವನಾದ್ರೆ ಲೋಕದಲ್ಲಿ ಇಷ್ಟೊಂದು ನೋವು ಯಾಕೆ ಅಂತ ಕೇಳಿದ್ದಳು. ನನ್ನ ಹತ್ತಿರ ಉತ್ತರ ಇರಲಿಲ್ಲ, ಕೂತು ಮಾತಾಡುವ ಪುರುಸೊತ್ತೂ ಇರಲಿಲ್ಲ. ರವಿ ಜಕರಾಯಸ್ ಅವರ ಭಾಷಣಗಳ ಲಿಂಕ್ ಕಳಿಸಿ ಕೈ ತೊಳೆದುಕೊಂಡೆ. 1946ರಲ್ಲಿ ಮದ್ರಾಸಿನಲ್ಲಿ ಹುಟ್ಟಿ, ಕೆನಡಾಕ್ಕೆ ಹೋಗಿ, 1984ರಲ್ಲಿ ತಮ್ಮದೇ ಸಂಸ್ಥೆ ಕಟ್ಟಿ, ನಾಸ್ತಿಕರ ಪ್ರಶ್ನೆಗಳಿಗೆ ವಿಶ್ವವಿದ್ಯಾಲಯಗಳ ವೇದಿಕೆಯಲ್ಲೇ ಉತ್ತರ ಕೊಡುತ್ತಿದ್ದವರು. ನಮ್ಮವರೊಬ್ಬರು ಆ ಎತ್ತರದಲ್ಲಿ ನಿಂತು ಮಾತಾಡ್ತಾರಲ್ಲ ಅನ್ನೋ ಹೆಮ್ಮೆ ನನಗೂ ಇತ್ತು. ಅವಳು ಕೇಳಿದಳು, ಒಂದಲ್ಲ, ಹತ್ತಾರು. ನೋಟ್ಸ್ ಕೂಡ ಮಾಡಿಕೊಂಡಳು.

ಅವರು 2020ರ ಮೇನಲ್ಲಿ ತೀರಿಕೊಂಡರು. 2021ರ ಫೆಬ್ರವರಿಯಲ್ಲಿ ಅವರದೇ ಸಂಸ್ಥೆ ನೇಮಿಸಿದ್ದ ವಕೀಲರ ವರದಿ ಹೊರಗೆ ಬಂತು. ವರ್ಷಗಟ್ಟಲೆ ಹಲವು ಮಹಿಳೆಯರ ಜೊತೆ ಅವರು ನಡೆಸಿದ್ದ ಲೈಂಗಿಕ ದುರ್ವರ್ತನೆ ಅದರಲ್ಲಿ ದಾಖಲಾಗಿತ್ತು. ಮೊದಲೇ ದೂರು ಹೇಳಿದ್ದ ಮಹಿಳೆಯನ್ನು ನಂಬದೇ ಹೋದದ್ದು ತಪ್ಪಾಯಿತು ಅಂತ ಸಂಸ್ಥೆಯ ಮಂಡಳಿ ಕ್ಷಮೆ ಕೇಳಿತು. ಅವತ್ತು ರಾತ್ರಿ ಅವಳು ಫೋನ್ ಮಾಡಿ ಒಂದೇ ಮಾತು ಕೇಳಿದಳು: ‘ನಾ ಬರದಿಟ್ಕೊಂಡಿದ್ದೆಲ್ಲ ಸುಳ್ಳೇನಕ್ಕಾ?’

ಆ ಪ್ರಶ್ನೆಗೆ ನಾನು ಇನ್ನೂ ಸರಿಯಾಗಿ ಉತ್ತರ ಕೊಟ್ಟಿಲ್ಲ. ಅದನ್ನು ಬಿಟ್ಟು ಹೊಸ ಪಟ್ಟಿ ಕಳಿಸೋದು ಹೇಗೆ?

ಇದು ಹೊಸ ಪ್ರಶ್ನೆ ಏನಲ್ಲ. ಸಾವಿರದ ಏಳುನೂರು ವರ್ಷದ ಹಿಂದೆ ಉತ್ತರ ಆಫ್ರಿಕಾದ ಸಭೆ ಇದೇ ವಿಷಯಕ್ಕೆ ಒಡೆದು ಎರಡಾಗಿತ್ತು. 303ರಲ್ಲಿ ರೋಮ್ ಚಕ್ರವರ್ತಿ ಡಯೊಕ್ಲೀಷಿಯನ್ ಕ್ರೈಸ್ತರ ಹಿಂಸೆ ಶುರುಮಾಡಿದಾಗ ಜೀವಭಯಕ್ಕೆ ಕೆಲವು ಬಿಷಪ್‌ಗಳು ಪವಿತ್ರ ಗ್ರಂಥಗಳನ್ನು ಅಧಿಕಾರಿಗಳ ಕೈಗೆ ಕೊಟ್ಟುಬಿಟ್ಟರು. ಅಂಥವರು ಮಾಡಿದ ಅಭಿಷೇಕ, ಕೊಟ್ಟ ದೀಕ್ಷಾಸ್ನಾನ ಲೆಕ್ಕಕ್ಕೆ ಬರುತ್ತಾ? ಬರಲ್ಲ ಅಂದವರು ಡೊನಾಟಿಸ್ಟರು. ಬರುತ್ತೆ ಅಂದವರು ಹಿಪ್ಪೋದ ಬಿಷಪ್ ಅಗಸ್ಟೀನ್. ದೀಕ್ಷಾಸ್ನಾನ ಕ್ರಿಸ್ತನದು, ಕೊಡುವವನದಲ್ಲ ಅನ್ನೋದು ಅವರ ವಾದ. ಅವರು ಕೊಟ್ಟ ಹೋಲಿಕೆ ಕಲ್ಲಿನ ಕಾಲುವೆಯದು. ಕಲ್ಲಿನ ಮೇಲೆ ಏನೂ ಬೆಳೆಯಲ್ಲ, ಆದ್ರೆ ಅದರ ಮೇಲೆ ಹರಿದ ನೀರು ತೋಟಕ್ಕೆ ಮುಟ್ಟುತ್ತೆ.

ಈ ಉತ್ತರದಲ್ಲಿ ನನ್ನ ತಂಗಿಗೆ ಸಮಾಧಾನ ಇದೆ. ಅವಳ ತೋಟಕ್ಕೆ ಬಂದ ನೀರು ನೀರೇ. ಆದ್ರೆ ನನಗೆ ಇದರಿಂದ ಬಿಡುಗಡೆ ಸಿಗಲ್ಲ, ಯಾಕಂದ್ರೆ ಕಾಲುವೆಯನ್ನು ಆರಿಸಿ ತೋರಿಸಿದವಳು ನಾನು. ಇನ್ನೊಂದು ತೊಡಕೂ ಇದೆ. ಪಾಡ್‌ಕಾಸ್ಟ್ ದೀಕ್ಷಾಸ್ನಾನ ಅಲ್ಲ. ಅಲ್ಲಿ ಇರೋದು ಒಬ್ಬ ಮನುಷ್ಯನ ದನಿ, ಆ ದನಿಯ ಮೇಲೆ ನಮ್ಮ ನಂಬಿಕೆ.

ಅದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಪ್ರಸಂಗದಲ್ಲಿ ಎರಡು ಥರದ ಮಾತು ಇರುತ್ತೆ. ಒಂದು ವಾದ. ‘ಕೇಡು ಇದೆ ಅಂತ ಹೇಳಬೇಕಾದ್ರೆ ಒಳ್ಳೆಯದರ ಅಳತೆಗೋಲು ಒಂದು ಬೇಕಲ್ಲ’ ಅಂತ ಯಾರೋ ಹೇಳಿದ್ರೆ, ಹೇಳಿದವನ ನಡತೆ ಹೇಗೇ ಇರಲಿ, ಆ ವಾದವನ್ನು ನಾನೇ ತೂಗಿ ನೋಡಬಹುದು. ಪೈಥಾಗೊರಸ್ ಕಳ್ಳನಾಗಿದ್ದರೂ ತ್ರಿಕೋನ ಬದಲಾಗಲ್ಲ. ಇನ್ನೊಂದು ಸಾಕ್ಷಿ. ‘ನಾನು ಕ್ಷಮಿಸಿದೆ, ನೀವೂ ಕ್ಷಮಿಸಿ’, ‘ಈ ಆಸೆಯನ್ನು ಪ್ರಾರ್ಥನೆಯಿಂದ ಗೆದ್ದೆ’ ಅನ್ನೋ ಮಾತು. ಇದರ ತೂಕ ಎಲ್ಲ ಹೇಳಿದವನ ಬದುಕಿನಲ್ಲೇ ಇದೆ. ಬದುಕು ಸುಳ್ಳಾದ್ರೆ ಮಾತೂ ಹೋಯ್ತು. ತಂಗಿಯ ನೋಟ್ಸ್‌ನಲ್ಲಿ ಇವೆರಡೂ ಸೇರಿಕೊಂಡಿದ್ದವು. ಸೋತದ್ದು ಎರಡನೆಯದು. ಅವಳಿಗೆ ಅವತ್ತೇ ಇಷ್ಟು ಬಿಡಿಸಿ ಹೇಳಬೇಕಿತ್ತು.

ಸಾಕ್ಷಿ ಅಂದ ಮೇಲೆ ಸಾಕ್ಷಿ ಹೇಳುವವರ ಬದುಕು ಕಾಣಬೇಕು. ನಮ್ಮೂರ ಚರ್ಚಿನ ಸಭಾಪಾಲಕರ ಪ್ರಸಂಗ ಚೆನ್ನಾಗಿರಲಿಲ್ಲ. ಹೇಳಿದ್ದನ್ನೇ ಹೇಳ್ತಿದ್ದರು, ಹಿಂದಿನ ಬೆಂಚಿನಲ್ಲಿ ಹುಡುಗರು ತೂಕಡಿಸ್ತಿದ್ದರು. ಆದ್ರೆ ಅವರ ಸಿಟ್ಟು, ಸಾಲ, ಆಸ್ಪತ್ರೆಯಲ್ಲಿ ರಾತ್ರಿಯಿಡೀ ಯಾರದೋ ಪಕ್ಕ ಕೂತದ್ದು ಎಲ್ಲ ಊರಿಗೆ ಗೊತ್ತಿತ್ತು. ಮೂರು ವಾರ ಚರ್ಚಿಗೆ ಹೋಗದಿದ್ರೆ ಅವರಿಗೂ ಗೊತ್ತಾಗ್ತಿತ್ತು. ಪಾಡ್‌ಕಾಸ್ಟ್‌ನಲ್ಲಿ ಎರಡೂ ಕಡೆ ಪರದೆ. ಅವರ ಮನೆ ನನಗೆ ಕಾಣಲ್ಲ, ನನ್ನ ಮನೆ ಅವರಿಗೆ ಕಾಣಲ್ಲ. ಆದ್ರೂ ದನಿ ಕಿವಿಯೊಳಗೇ ಇರೋದ್ರಿಂದ ಬಹಳ ಹತ್ತಿರದವರು ಅನ್ನಿಸಿಬಿಡುತ್ತೆ.

ದಾವೀದ ಊರೀಯನ ಹೆಂಡತಿಯನ್ನು ಕರೆಸಿಕೊಂಡು, ಊರೀಯನನ್ನು ಯುದ್ಧದಲ್ಲಿ ಸಾಯಿಸಿದ ಮೇಲೆ ನಾತಾನ ಪ್ರವಾದಿ ಅವನೆದುರು ಬಂದು ಒಂದು ಕತೆ ಹೇಳ್ತಾನೆ. ಬಡವನ ಒಂದೇ ಒಂದು ಕುರಿಮರಿಯನ್ನು ಕಿತ್ತುಕೊಂಡ ಶ್ರೀಮಂತನ ಕತೆ. ದಾವೀದನಿಗೆ ಶ್ರೀಮಂತನ ಮೇಲೆ ಸಿಟ್ಟು ಬರುತ್ತೆ. ಆ ಶ್ರೀಮಂತ ನೀನೇ ಅಂತ ನಾತಾನ ಮುಖಕ್ಕೆ ಹೇಳಿದಾಗಲೇ ಕತೆ ಮುಗಿಯೋದು. ಇಯರ್‌ಫೋನ್‌ನಲ್ಲಿ ನನಗೆ ಸಿಗೋದು ಮೊದಲರ್ಧ ಮಾತ್ರ. ಕತೆ ಕೇಳ್ತೀನಿ, ಯಾರ ಮೇಲೋ ಸಿಟ್ಟಾಗ್ತೀನಿ, ಸಿಲ್ಕ್ ಬೋರ್ಡ್ ಬರುವಷ್ಟರಲ್ಲಿ ಎಪಿಸೋಡ್ ಮುಗಿದಿರುತ್ತೆ.

ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ. ಸಿಯಾಟಲ್‌ನ ಮಾರ್ಸ್ ಹಿಲ್ ಅನ್ನೋ ದೊಡ್ಡ ಚರ್ಚು ಬೆಳೆದು, ಅದರ ಪಾಸ್ಟರ್ ಮಾರ್ಕ್ ಡ್ರಿಸ್ಕಲ್ 2014ರಲ್ಲಿ ರಾಜೀನಾಮೆ ಕೊಟ್ಟ ಮೇಲೆ ಮುಚ್ಚಿಹೋದ ಕತೆಯನ್ನು ‘ಕ್ರಿಶ್ಚಿಯಾನಿಟಿ ಟುಡೇ’ ಪತ್ರಿಕೆ 2021ರಲ್ಲಿ ಪಾಡ್‌ಕಾಸ್ಟ್ ಸರಣಿಯಾಗಿ ತಂತು. ಡ್ರಿಸ್ಕಲ್ ಪ್ರಸಂಗಗಳು ಇಂಟರ್ನೆಟ್‌ನಲ್ಲಿ ಲೋಕವೆಲ್ಲ ಸುತ್ತುತ್ತಿದ್ದಾಗ, ಚರ್ಚಿನ ಒಳಗೆ ಜೊತೆಗೆ ಕೆಲಸ ಮಾಡುವವರು ಅವರ ದಬ್ಬಾಳಿಕೆಗೆ ನಲುಗುತ್ತಿದ್ದರು ಅನ್ನೋದನ್ನು ಅದು ತೋರಿಸುತ್ತೆ. ಎಚ್ಚರಿಕೆಯ ಸರಣಿ ಅದು. ನಾನು ಅದನ್ನು ವೆಬ್ ಸೀರೀಸ್ ಥರ ಒಂದೇ ವಾರದಲ್ಲಿ ಮುಗಿಸಿದೆ. ನಿಜ ಹೇಳ್ಬೇಕಂದ್ರೆ, ಮಜಾ ಬಂತು. ಅದೇ ವಾರ ನನ್ನ ಟೀಮಿನ ಹೊಸ ಹುಡುಗನ ಮೇಲೆ ಎಲ್ಲರೆದುರು ರೇಗಿದ್ದೆ. ಎರಡಕ್ಕೂ ಸಂಬಂಧ ಇದೆ ಅಂತ ಹೊಳೆಯಲೇ ಇಲ್ಲ.

ಹಾಗಾದ್ರೆ ಕೇಳೋದೇ ಬೇಡವಾ? ಹಾಗೂ ಅಲ್ಲ. ನಂಬಿಕೆ ಹುಟ್ಟೋದೇ ಕೇಳೋದ್ರಿಂದ ಅಂತ ಪೌಲ ರೋಮಾಪುರದವರಿಗೆ ಬರೆದ. ಆರನೇ ಶತಮಾನದಲ್ಲಿ ಸಂತ ಬೆನೆಡಿಕ್ಟ್ ಮಾಡಿದ ನಿಯಮದಂತೆ ಮಠದಲ್ಲಿ ಊಟದ ಹೊತ್ತಿಗೆ ಎಲ್ಲರೂ ಮೌನವಾಗಿ ಉಣ್ಣಬೇಕು, ಒಬ್ಬರು ಗ್ರಂಥ ಓದಬೇಕು. ಪಾತ್ರೆ ತೊಳೀತಾ ಪಾಡ್‌ಕಾಸ್ಟ್ ಕೇಳುವ ನಮಗೆ ಇದು ಹೊಸದೇನೂ ಅನ್ನಿಸಲ್ಲ. ಆದ್ರೆ ಅಲ್ಲಿ ಓದುವವನು ಅದೇ ಮನೆಯ ಸಹೋದರ, ಅವನ ಸರದಿ ಒಂದು ವಾರ. ಏನು ಓದಬೇಕು ಅನ್ನೋದೂ ಕೇಳುವವರ ಆಯ್ಕೆ ಅಲ್ಲ. ನಮ್ಮಲ್ಲಿ ಎಲ್ಲವೂ ಕೇಳುವವರ ಆಯ್ಕೆ. ಬೇಸರವಾದ್ರೆ ಮೂವತ್ತು ಸೆಕೆಂಡ್ ಮುಂದೆ, ನೋವಾದ್ರೆ ಇನ್ನೊಂದು ಚಾನೆಲ್.

ಇಷ್ಟೆಲ್ಲ ಯೋಚನೆ ಮಾಡಿ, ಯಾವ ಪಾಡ್‌ಕಾಸ್ಟ್ ಆದ್ರೂ ಸರಿ, ಅದಕ್ಕೆ ಮೂರು ಪ್ರಶ್ನೆ ಕೇಳೋದು ಅಂತ ತೀರ್ಮಾನ ಮಾಡಿಕೊಂಡೆ.

ಇದು ನನ್ನನ್ನು ಗ್ರಂಥಕ್ಕೆ ಕಳಿಸುತ್ತಾ, ಅಥವಾ ಮಾತಾಡುವವರ ಬಳಿಯೇ ಇಟ್ಟುಕೊಳ್ಳುತ್ತಾ? ಬೆರೋಯದ ಜನ ಪೌಲನ ಮಾತನ್ನೂ ಹಾಗೇ ನುಂಗಲಿಲ್ಲ, ದಿನಾ ಗ್ರಂಥ ತೆಗೆದು ತಾಳೆ ನೋಡಿದರು. ಈ ಲೆಕ್ಕದಲ್ಲಿ ಫಾದರ್ ಮೈಕ್ ಶ್ಮಿಟ್ಜ್ 2021ರ ಜನವರಿ 1ರಂದು ಶುರುಮಾಡಿದ ‘ದ ಬೈಬಲ್ ಇನ್ ಎ ಇಯರ್’ ನನಗೆ ಹಿಡಿಸಿತು. 365 ಎಪಿಸೋಡ್, ಬಹುಪಾಲು ಬರೀ ಓದು, ಕೊನೆಗಷ್ಟೇ ವಿವರಣೆ. ನಮ್ಮ ಬೈಬಲ್‌ನಲ್ಲಿ 66 ಪುಸ್ತಕ, ಕ್ಯಾಥೊಲಿಕರದ್ದರಲ್ಲಿ 73. ನಾನು ಅಲ್ಲಿವರೆಗೆ ತೆರೆದೇ ನೋಡದ ಪುಸ್ತಕಗಳೂ ಕಿವಿಗೆ ಬಿದ್ದವು.

ಎರಡನೆಯದು, ಇದು ನನಗೆ ಸುಮ್ಮನಿರಲು ಜಾಗ ಕೊಡುತ್ತಾ? ಬ್ರಿಟನ್ನಿನ ಜೆಸ್ವಿಟರು 2006ರಿಂದ ನಡೆಸುತ್ತಿರುವ ‘ಪ್ರೇ ಆ್ಯಸ್ ಯು ಗೋ’ ದಿನಕ್ಕೆ ಹತ್ತು-ಹದಿಮೂರು ನಿಮಿಷದ್ದು. ಸ್ವಲ್ಪ ಸಂಗೀತ, ಒಂದು ವಾಕ್ಯಭಾಗ, ಒಂದೆರಡು ಪ್ರಶ್ನೆ, ನಡುವೆ ಮೌನ. ಕೆಲವು ಆ್ಯಪ್‌ಗಳಲ್ಲಿ ಮೌನವನ್ನು ತಾನಾಗೇ ಕತ್ತರಿಸುವ ಸೆಟ್ಟಿಂಗ್ ಇರುತ್ತೆ. ನಾನು ಅದನ್ನು ಆನ್ ಮಾಡಿಟ್ಟು, ಒಂದೂವರೆ ಪಟ್ಟು ವೇಗದಲ್ಲಿ ತಿಂಗಳುಗಟ್ಟಲೆ ಕೇಳಿದ್ದೆ. ಪ್ರಾರ್ಥನೆ ಮಾಡಬೇಕಿದ್ದ ಜಾಗವನ್ನೇ ಕತ್ತರಿಸಿ ಟೈಮ್ ಉಳಿಸಿದ್ದೆ!

ಮೂರನೆಯದು, ಕೇಳಿದ ಮೇಲೆ ನಾನು ಯಾರ ಹತ್ತಿರವಾದ್ರೂ ಹೋಗ್ತೀನಾ? ಇದಕ್ಕೆ ಉತ್ತರ ಯಾವ ಪಾಡ್‌ಕಾಸ್ಟೂ ಕೊಡಲ್ಲ. ಟೀಮಿನ ಆ ಹುಡುಗನ ಡೆಸ್ಕಿಗೆ ಹೋಗಿ ಸಾರಿ ಕೇಳಲು ನನಗೆ ಎರಡು ವಾರ ಹಿಡಿಯಿತು. ಹೋಗು ಅಂತ ಕಳಿಸಿದ್ದು ಜೊತೆಗೆ ಊಟ ಮಾಡುವ ಗೆಳತಿ. ಅವಳಿಗೆ ಚರ್ಚಿನ ಸಂಬಂಧವೇ ಇಲ್ಲ. ಅವತ್ತು ನಾನು ರೇಗಿದ್ದನ್ನು ಕಣ್ಣಾರೆ ನೋಡಿದ್ದವಳು ಅವಳೇ.

ಪುಣೆಗೆ ಈ ಎರಡೇ ಹೆಸರು ಕಳಿಸಿದೆ. ಜೊತೆಗೆ ಮೂರು ವರ್ಷಕ್ಕೂ ಮೀರಿ ಬಾಕಿಯಿದ್ದ ಉತ್ತರವನ್ನೂ ಬರೆದೆ. ನೀನು ಬರೆದಿಟ್ಟುಕೊಂಡ ವಾದಗಳನ್ನು ಈಗ ನೀನೇ ತೂಗು, ನಿಂತರೆ ಇಟ್ಟುಕೋ. ಆ ಮನುಷ್ಯನ ಮೇಲಿನ ನಂಬಿಕೆಯನ್ನು ವಾಪಸ್ ತಗೋ, ಅದು ನಿನ್ನ ತಪ್ಪಲ್ಲ. ನೀನು ಅವತ್ತು ಪ್ರಶ್ನೆ ಕೇಳಿದ್ದು ನನ್ನನ್ನ. ನಾನು ಕೂತು ಕೇಳಿಸಿಕೊಳ್ಳೋದು ಬಿಟ್ಟು ಬೇರೆಯವರ ದನಿ ಕಳಿಸಿದೆ. ಅದು ನನ್ನ ತಪ್ಪು. ಕೊನೆಗೆ ಒಂದು ಷರತ್ತು: ಭಾನುವಾರ ಫೋನ್ ಮಾಡಿ, ಕೇಳಿದ್ದರಲ್ಲಿ ಯಾವುದು ಒಪ್ಪಿಗೆ ಆಗಲಿಲ್ಲ ಅಂತ ಹೇಳಬೇಕು.

ಭಾನುವಾರ ಮಾಡಿದಳು. ‘ಒಪ್ಪೂದು ಬಿಡೂದು ಆಮ್ಯಾಲ ಅಕ್ಕಾ, ಕ್ಯಾಬ್‌ನಾಗ ಕುಂತ ಕೂಡ್ಲೆ ನಿದ್ದಿ ಹತ್ತತೈತಿ’ ಅಂದಳು. ಇಬ್ಬರೂ ನಕ್ಕೆವು. ಆಮೇಲೆ ಅವಳು, 2018ರಲ್ಲಿ ಆ ಪ್ರಶ್ನೆ ಯಾಕೆ ಕೇಳಿದ್ದೆ ಅಂತ ಹೇಳೋಕೆ ಶುರುಮಾಡಿದಳು. ನಾನು ಆ ಸಲ ಏನೂ ಕಳಿಸಲಿಲ್ಲ, ಕೇಳಿಸಿಕೊಂಡೆ.