ಮಂಕಾದ ಹೆಗಲುಪಟ್ಟಿ



ಬೆಳಗಿನ ಹೊತ್ತು ಗರುಡಾಚಾರ್‌ಪಾಳ್ಯದಲ್ಲಿ ಮೆಟ್ರೊ ಹತ್ತಿದರೆ ಎಷ್ಟು ಬಗೆಯ ಸಮವಸ್ತ್ರಗಳು ಕಣ್ಣಿಗೆ ಬೀಳುತ್ತವೆ! ಶಾಲಾಮಕ್ಕಳು, ದಾದಿಯರು, ಕಾವಲುಗಾರರು, ಖಾಕಿ ತೊಟ್ಟ ಪೊಲೀಸರು. ಸಮವಸ್ತ್ರವು ತೊಟ್ಟವರ ಕುರಿತು ಎರಡು ಮಾತುಗಳನ್ನು ಹೇಳುತ್ತದೆ: ಇವರಿಗೆ ಇಂಥ ಸ್ಥಾನವಿದೆ, ಇಂಥ ವಿಷಯಕ್ಕೆ ಇವರೇ ಉತ್ತರ ಕೊಡಬೇಕು. ಮೊದಲನೆಯದನ್ನು ನಾವು ಆಸೆಯಿಂದ ತೊಡುತ್ತೇವೆ. ಎರಡನೆಯದನ್ನು?

ಖಾಕಿ ಎಂಬ ಹೆಸರು ಧೂಳು ಎಂಬರ್ಥದ ಪಾರ್ಸಿ ಪದದಿಂದ ಬಂದಿದೆ. 19ನೆಯ ಶತಮಾನದ ನಡುಭಾಗದಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ ಆ ಬಣ್ಣವನ್ನು ರೂಪಿಸಿದ ಕೀರ್ತಿಯನ್ನು ಕರಾವಳಿಯವರು ಹಾಲರ್ ಎಂಬ ಜರ್ಮನ್ ಮಿಷನರಿಗೆ ಸಲ್ಲಿಸುತ್ತಾರೆ. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಭಾರತದ ಸೈನಿಕರು ಖಾಕಿ ತೊಟ್ಟೇ ಜರ್ಮನರ ಎದುರು ನಿಂತರು. ಇತ್ತ ನಮ್ಮ ನಾಡಿನಲ್ಲಿದ್ದ ಜರ್ಮನ್ ಮಿಷನರಿಗಳು ಶತ್ರುದೇಶದವರೆಂದು ಬಂಧನಕ್ಕೊಳಗಾದರು.

ಎದುರು ಪಾಳೆಯದಲ್ಲಿಯೂ ಮಣ್ಣಿನೊಡನೆ ಬೆರೆಯುವ ಬಟ್ಟೆಯೇ ಇತ್ತು. ಜರ್ಮನ್ ಸೇನೆ 1910ರಲ್ಲಿ ಹಸಿರು ಬೆರೆತ ಬೂದುಬಣ್ಣದ ಸಮವಸ್ತ್ರವನ್ನು ಅಂಗೀಕರಿಸಿತ್ತು. ಅಧಿಕಾರಿಗಳು ಮಾತ್ರ ತಮ್ಮ ಕೋಟನ್ನು ಸ್ವಂತ ಖರ್ಚಿನಲ್ಲಿ, ಮೇಲ್ದರ್ಜೆಯ ಬಟ್ಟೆಯಲ್ಲಿ ಹೊಲಿಸಿಕೊಳ್ಳುತ್ತಿದ್ದರು. ಹೆಗಲ ಮೇಲೆ ಬೆಳ್ಳಿ ಬಣ್ಣದ ಹೊಳೆಯುವ ಪಟ್ಟಿ. ಕಂದಕಗಳ ಯುದ್ಧದಲ್ಲಿ ಆ ಹೊಳಪೇ ಮೃತ್ಯುವಿಗೆ ಕರೆಯಾಯಿತು. ಎದುರಿನ ಗುರಿಕಾರರ ಕಣ್ಣು ಅಧಿಕಾರಿಯನ್ನೇ ಹುಡುಕುತ್ತಿತ್ತು. 1915ರಲ್ಲಿ ಗುಂಡಿಗಳನ್ನು ಮರೆಮಾಡಿದ ಸರಳ ಕೋಟು ಬಂದಿತು. ಹೆಗಲುಪಟ್ಟಿಯನ್ನು ಮಂಕು ಬೂದುಬಣ್ಣಕ್ಕೆ ಇಳಿಸಲಾಯಿತು.

ಗೌರವದ ದಿನಗಳಲ್ಲಿ ಮೆರೆಸಿದ ಗುರುತನ್ನು ಅಪಾಯದ ದಿನ ಮರೆಸುವುದು ಹೇಡಿತನವಲ್ಲವೇ? ಹಾಗೆಂದು ಅವಸರದಿಂದ ತೀರ್ಪು ನೀಡುವುದು ಸರಿಯಲ್ಲ. ನಾಯಕನು ಮೊದಲ ಗುಂಡಿಗೇ ಬಿದ್ದರೆ ಅವನನ್ನು ನಂಬಿದವರ ಗತಿಯೇನು? ಬದುಕಿರುವುದೂ ಅವನ ಕರ್ತವ್ಯದ ಭಾಗವೇ. ಅದಕ್ಕಿಂತ ಮುಖ್ಯವಾದ ಸಂಗತಿಯೊಂದಿದೆ: ಪಟ್ಟಿಯನ್ನು ಮಂಕಾಗಿಸಿದರೇ ಹೊರತು ಕಿತ್ತೆಸೆಯಲಿಲ್ಲ. ದೂರದ ಶತ್ರುವಿಗೆ ಅದು ಕಾಣದಿರಬೇಕಿತ್ತು. ಪಕ್ಕದ ಸೈನಿಕನಿಗೆ ಕಾಣಲೇಬೇಕಿತ್ತು. ಕತ್ತಲಲ್ಲಿ, ಕೆಸರಿನಲ್ಲಿ, 'ಈಗೇನು ಮಾಡಲಿ?' ಎಂದು ಕೇಳುವವನಿಗೆ ಯಾರನ್ನು ಕೇಳಬೇಕೆಂದು ತಿಳಿದಿರಬೇಕಷ್ಟೆ. ಆ ಸೇನೆ ಹೋರಾಡಿದ ಉದ್ದೇಶವನ್ನು ನಾವು ಒಪ್ಪಬೇಕಾಗಿಲ್ಲ. ಆ ಕೋಟು ಕಲಿಸುವ ಪಾಠವನ್ನು ಮಾತ್ರ ಗಮನಿಸೋಣ.

ನಮ್ಮ ನಡತೆ ಇದಕ್ಕೆ ತದ್ವಿರುದ್ಧವಲ್ಲವೇ? ದೂರದಿಂದ ಹೊಳೆಯುತ್ತೇವೆ, ಹತ್ತಿರ ಬಂದವರಿಗೆ ಕಾಣದಾಗುತ್ತೇವೆ. ಆಮಂತ್ರಣ ಪತ್ರಿಕೆಯಲ್ಲಿ ನಮ್ಮ ಹೆಸರಿನ ಮುಂದೆ ಹುದ್ದೆ ಇರಲೇಬೇಕು. ಲೆಕ್ಕ ಕೇಳಿದ ದಿನ 'ಅದು ಸಮಿತಿಯ ತೀರ್ಮಾನ' ಎನ್ನುತ್ತೇವೆ. ಕಚೇರಿಯಲ್ಲಿ ಕೆಲಸ ಕಳೆದುಕೊಂಡವನು ಮುಂದೆ ಬಂದು ನಿಂತರೆ 'ಮೇಲಿನವರ ಆದೇಶ' ಎನ್ನುತ್ತೇವೆ. ಮನೆಯಲ್ಲಿ ಯಜಮಾನರೆನಿಸಿಕೊಂಡವರು, ಮಗ ತಪ್ಪು ಹೆಜ್ಜೆಯಿಟ್ಟ ದಿನ, 'ನೀನೇ ಬೆಳೆಸಿದ್ದು' ಎಂದು ಪತ್ನಿಯತ್ತ ಬೆರಳು ತೋರಿಸುತ್ತಾರೆ. ಹೀಗೆ ನುಣುಚಿಕೊಳ್ಳುವುದನ್ನು ಕೆಲವೊಮ್ಮೆ ವಿನಯವೆಂದೂ ಕರೆಯುತ್ತೇವೆ. ಹೊಗಳಿಕೆ ಬಂದಾಗ ಹಿಂದೆ ಸರಿಯುವುದು ವಿನಯ. ಹೊಣೆ ಬಂದಾಗ ಹಿಂದೆ ಸರಿಯುವುದಕ್ಕೆ ಬೇರೆಯೇ ಹೆಸರಿದೆ.

ಇಂದು ಸಂಜೆ ಮನೆಗೆ ಮರಳಿ ಹೊರಗಿನ ಉಡುಪನ್ನು ಕಳಚುವಾಗ ಒಂದು ಕ್ಷಣ ಯೋಚಿಸಿ. ನಿಮ್ಮ ಪದವಿಯನ್ನು ಬಲ್ಲವರು ಅನೇಕರಿರಬಹುದು. ಆದರೆ ಕಷ್ಟದಲ್ಲಿರುವವನು 'ಯಾರನ್ನು ಕೇಳಲಿ?' ಎಂದು ಸುತ್ತ ನೋಡಿದಾಗ, ಅವನ ಕಣ್ಣಿಗೆ ನೀವು ಕಾಣುತ್ತೀರಾ?