ರಾಡು ಹಾಕವ್ರೆ

ಶ್ರೀನಿವಾಸಪುರದ ಮಾವಿನ ತೋಪುಗಳ ಕಡೆ, ಮುಳಬಾಗಿಲಿನ ಹಳ್ಳಿಗಳಲ್ಲಿ, ಎಳೆಬಿಸಿಲಿಗೆ ಜಗಲಿಯ ಮೇಲೆ ಕೂತ ಹಿರಿಯರನ್ನು ಸೊಂಟದ ಆಪರೇಷನ್ ಬಗ್ಗೆ ಕೇಳಿದರೆ ಬರುವ ಉತ್ತರ ಒಂದೇ: ‘ರಾಡು ಹಾಕವ್ರೆ.’ ರಾಡೋ, ಪ್ಲೇಟೋ, ಇಡೀ ಕೀಲೇ ಹೊಸದೋ, ಮನೆಯವರಿಗೂ ಗೊತ್ತಿರುವುದಿಲ್ಲ.

ಗೊತ್ತಿರಬೇಕು. ಮುರಿದ ಮೂಳೆಗೆ ಕೂರಿಸಿದ ರಾಡು ಇದ್ದಲ್ಲೇ ಇರುತ್ತದೆ. ಬದಲಿ ಕೀಲು ಹಾಗಲ್ಲ; ಇಟ್ಟ ಒಂದೊಂದು ಹೆಜ್ಜೆಗೂ ಅದರ ಗುಂಡು ಬಟ್ಟಲಿನೊಳಗೆ ತಿರುಗುತ್ತದೆ. ಜಾನ್ಸನ್ ಅಂಡ್ ಜಾನ್ಸನ್ ಒಡೆತನದ ಡಿಪ್ಯೂ ಕಂಪನಿಯ ಎಎಸ್‌ಆರ್ ಎಂಬ ಕೀಲಿನಲ್ಲಿ ಗುಂಡೂ ಲೋಹ, ಬಟ್ಟಲೂ ಲೋಹ: ಕೋಬಾಲ್ಟ್ ಮತ್ತು ಕ್ರೋಮಿಯಂ. ಎರಡೂ ಉಜ್ಜಿ ಉದುರಿದ ಸಣ್ಣ ಕಣಗಳು ಎಷ್ಟೋ ಜನರಲ್ಲಿ ಸುತ್ತಲಿನ ಮಾಂಸವನ್ನು ಕೆಡಿಸಿದವು, ರಕ್ತಕ್ಕೂ ಸೇರಿದವು. ರಕ್ತದಲ್ಲಿ ಕೋಬಾಲ್ಟ್ ವಿಪರೀತ ಏರಿದ ಕೆಲವರಿಗೆ ಕಿವಿ ಮಂದವಾಯಿತು, ದೃಷ್ಟಿ ಮಸುಕಾಯಿತು, ಥೈರಾಯ್ಡ್ ಕೆಟ್ಟಿತು, ಹೃದಯದ ಸ್ನಾಯು ಸೋತಿತು. 2010ರ ಆಗಸ್ಟ್‌ನಲ್ಲಿ ಕಂಪನಿ ಆ ಕೀಲನ್ನು ಜಗತ್ತಿನಾದ್ಯಂತ ವಾಪಸ್ ಪಡೆಯಿತು. ಅಷ್ಟರಲ್ಲಿ ಭಾರತದಲ್ಲೇ ಸುಮಾರು 4,700 ಆಪರೇಷನ್ ಆಗಿಹೋಗಿದ್ದವು.

ಸುಮಾರು ಏಳು ವರ್ಷ ಕಳೆದ ಮೇಲೆ, 2017ರಲ್ಲಿ, ಕೇಂದ್ರ ಸರ್ಕಾರ ಒಂದು ತಜ್ಞರ ಸಮಿತಿ ಮಾಡಿತು. ಕನಿಷ್ಠ 20 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದಿತು ಸಮಿತಿ. ಕೊಡುವುದು ಯಾರಿಗೆ? ಕೀಲು ಹಾಕಿಸಿಕೊಂಡವರಲ್ಲಿ ಹೆಚ್ಚಿನವರ ಪತ್ತೆಯೇ ಆಗಲಿಲ್ಲ. ನನ್ನನ್ನು ಕಾಡುವುದು ಲೋಹಕ್ಕಿಂತ ಇದೇ.

ನಮ್ಮ ಸೀಮೆಯಲ್ಲಿ ಪತ್ತೆಯಾಗುವುದು ಇನ್ನೂ ಕಷ್ಟ. ಕೋಲಾರದ ಆಳದ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಇದೆ. ಮಂಡಿ ಹಿಡಿದರೆ, ಸೊಂಟ ಬಗ್ಗದಿದ್ದರೆ ‘ನೀರಿನ ದೋಷ’ ಅನ್ನುವುದು ರೂಢಿ. ಹೊಸ ಕೀಲಿನ ನೋವೂ ಅದೇ ಲೆಕ್ಕಕ್ಕೆ ಹೋಗುತ್ತದೆ. ಮಾಲೂರಿನಿಂದ ರೈಲು ಹತ್ತಿ ಬೆಂಗಳೂರಿನಲ್ಲಿ ಆಪರೇಷನ್ ಮಾಡಿಸಿಕೊಂಡು ಬಂದವರು ಮತ್ತೆ ತೋರಿಸಲು ಅಲ್ಲಿಗೆ ಹೋಗುವುದೂ ಅಪರೂಪ.

ಪಹಣಿ, ಕ್ರಯಪತ್ರ, ರೇಷನ್ ಕಾರ್ಡು ಪ್ಲಾಸ್ಟಿಕ್ ಕವರಿನಲ್ಲಿ ಭದ್ರವಾಗಿ ಟ್ರಂಕಿನಲ್ಲಿರುತ್ತವೆ. ಆಸ್ಪತ್ರೆಯ ಚೀಟಿ ಮಾತ್ರ ಗಾಯ ಒಣಗುತ್ತಲೇ ಎಲ್ಲೋ ಹೋಗಿರುತ್ತದೆ. ಕೀಲಿನ ಪೊಟ್ಟಣದ ಜೊತೆ ಬೆರಳುದ್ದದ ಅಂಟುಚೀಟಿಗಳು ಬರುತ್ತವೆ: ಕಂಪನಿಯ ಹೆಸರು, ಅಳತೆ, ಲಾಟ್ ನಂಬರ್. ಒಂದನ್ನು ರೋಗಿಯ ಕಡತಕ್ಕೆ ಅಂಟಿಸುತ್ತಾರೆ. ದೇಹದೊಳಗೆ ಏನಿದೆ ಅನ್ನುವುದಕ್ಕೆ ಅದೇ ದಾಖಲೆ.

ಎಲ್ಲರೂ ಹೆದರಬೇಕಿಲ್ಲ. ಈಗ ಹಾಕುವ ಹೆಚ್ಚಿನ ಕೀಲುಗಳ ಬಟ್ಟಲಿಗೆ ಪಾಲಿಎಥಿಲೀನ್ ಅಥವಾ ಸೆರಾಮಿಕ್ ಒಳಪದರ ಇರುತ್ತದೆ. ಲೋಹಕ್ಕೆ ಲೋಹವೇ ಉಜ್ಜುವ ಕೀಲಾದರೆ ರಕ್ತದಲ್ಲಿ ಕೋಬಾಲ್ಟ್, ಕ್ರೋಮಿಯಂ ಪರೀಕ್ಷೆ ಮಾಡಿಸಬಹುದು. ಲೀಟರಿಗೆ 7 ಮೈಕ್ರೋಗ್ರಾಂ ದಾಟಿದರೆ ಇನ್ನಷ್ಟು ತಪಾಸಣೆ ಬೇಕು ಎಂದು ಬ್ರಿಟನ್ನಿನ ನಿಯಂತ್ರಣ ಸಂಸ್ಥೆ 2010ರಲ್ಲೇ ಸೂಚಿಸಿತ್ತು. ಆಸ್ಪತ್ರೆಯ ಚೀಟಿ ಕಳೆದಿದ್ದರೆ ಆಪರೇಷನ್ ಆದ ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ ಕಡತದ ನಕಲು ಕೇಳಬಹುದು. ಆದರೆ ಹಳೆಯ ಕಡತಗಳನ್ನು ಆಸ್ಪತ್ರೆಗಳು ಬಹಳ ವರ್ಷ ಇಟ್ಟುಕೊಳ್ಳುವುದಿಲ್ಲ.